ನೆಗೆಟಿವ್‌ಗಳನ್ನು ಭಂಗಾರ್‌ವಾಲಾನಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಕುರ್ಲಾದಲ್ಲಿ ನಾವು ಬಾಳಿದ ಚಾಳು ರಿಡೆವಲಪ್‌ಮೆಂಟಿಗೆ ಹೋಯಿತು. ಖಾಲಿ ಮಾಡುವ ದಿನ ಡೊಂಬಿವಲಿಯಿಂದ ನೋಡಲು ಹೋಗಿದ್ದೆ. ನೆರೆಮನೆಯವರು ಅಟ್ಟದಿಂದ ಇಳಿಸಿದ ರಾಶಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇತ್ತು, ಅದರ ತುಂಬ ನೆಗೆಟಿವ್, ಅಂದರೆ ಫೋಟೋ ಪ್ರಿಂಟು ಹಾಕುವ ಮೂಲ ಫಿಲ್ಮ್. ಎತ್ತಿಕೊಂಡೆ. "ಫೋಟೋ ಆಲ್ಬಮ್ಮಿನಲ್ಲಿ ಇದೆಯಲ್ಲ ಮಾಮ, ಇದ್ಯಾಕೆ?" ಎಂದ ಆ ಮನೆಯ ಹುಡುಗ. ಹಳೆಸಾಮಾನು ಕೊಳ್ಳುವ ಭಂಗಾರ್‌ವಾಲಾ ಅಲ್ಲೇ ತಕ್ಕಡಿ ಹಿಡಿದು ನಿಂತಿದ್ದ. ಹುಡುಗನಿಗೆ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ನಾನು 1970ರಲ್ಲಿ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದವನು. ಹಗಲು ಫೋರ್ಟಿನಲ್ಲಿ ಕ್ಯಾಂಟೀನ್ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ಮೊದಲು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಕೊಂಡೆ, ಆಮೇಲೆ ಬೋರಾ ಬಜಾರಿನಲ್ಲಿ ಹಳೆಯದೊಂದು ಯಾಶಿಕಾ ಮ್ಯಾಟ್. 120 ಎಂಬ ಅಳತೆಯ ಫಿಲ್ಮಿನ ಒಂದು ರೋಲಿಗೆ 12 ಚಿತ್ರ, ಚೌಕಾಕಾರ. ಪೂರ್ವ ಜರ್ಮನಿಯ ಓರ್ವೋ ಸಿಕ್ಕರೆ ಅದು, ಇಲ್ಲದಿದ್ದರೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು'. ಆ ಕಾರ್ಖಾನೆಯೂ ಈಗ ಮುಚ್ಚಿದೆ.

ಪ್ರಿಂಟು ಹಾಕುತ್ತಿದ್ದದ್ದು ಚಾಳಿನ ಅಡುಗೆಮನೆಯಲ್ಲಿ. ಕಿಟಕಿಗೆ ಕಂಬಳಿ, ಬಾಗಿಲಿನ ಸಂದಿಗೆ ಹಳೆಯ ಸೀರೆ, ಕಟ್ಟೆಯ ಮೇಲೆ ಮೂರು ಟ್ರೇ, ಮೇಲೆ ಕೆಂಪು ಬಲ್ಬು. ಫಿಲ್ಮ್ ತೊಳೆಯುವ ಡೆವಲಪರನ್ನು ಮನೆಯಲ್ಲೇ ತೂಗಿ ಬೆರೆಸುತ್ತಿದ್ದೆ: 1 ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಅದು 20 ಡಿಗ್ರಿ ಇರಬೇಕು. ಮೇ ತಿಂಗಳಲ್ಲಿ ಮುಂಬಯಿಯ ನಲ್ಲಿಯ ನೀರು ಎಲ್ಲಿ, 20 ಡಿಗ್ರಿ ಎಲ್ಲಿ! ಕೋಲ್ಡ್‌ಡ್ರಿಂಕ್ ಅಂಗಡಿಯಿಂದ ಐಸ್ ತಂದು ಬೋಗುಣಿಯಲ್ಲಿ ಹಾಕಿ, ಅದರೊಳಗೆ ಡೆವಲಪರಿನ ಬಾಟಲಿ ಕೂರಿಸುತ್ತಿದ್ದೆ.

ನಮ್ಮ ಚಾಳು ಹಳಿಯ ಪಕ್ಕದಲ್ಲೇ ಇತ್ತು. ಲೋಕಲ್ ಹೋದಾಗಲೆಲ್ಲ ಎನ್ಲಾರ್ಜರ್, ಅಂದರೆ ನೆಗೆಟಿವ್‌ನ ಚಿತ್ರವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರ, ನಡುಗುತ್ತಿತ್ತು. ಹಾಗಾಗಿ ರಾತ್ರಿಯ ಕೊನೆಯ ಲೋಕಲಿಗೂ ಬೆಳಗಿನ ಮೊದಲ ಲೋಕಲಿಗೂ ನಡುವೆ ಸಿಗುವ ಎರಡು ಮೂರು ಗಂಟೆಯಲ್ಲೇ ಕೆಲಸ ಮುಗಿಯಬೇಕು. ಗಡಿಯಾರದ ಮುಳ್ಳು ಕತ್ತಲಲ್ಲಿ ಕಾಣದು, ಪಕ್ಕದ ಕೋಣೆಯಲ್ಲಿ ಮಗುವನ್ನು ತಟ್ಟುತ್ತ ಹೆಂಡತಿ ತುಳುವಿನಲ್ಲಿ ಎಣಿಸುತ್ತಿದ್ದಳು, "ಒಂಜಿ, ರಡ್ಡ್, ಮೂಜಿ..." ಅವಳು "ಪತ್ತ್" (ಹತ್ತು) ಎಂದಾಗ ಎನ್ಲಾರ್ಜರಿನ ದೀಪ ಆರಿಸಬೇಕು. ಎಣಿಕೆಯ ನಡುವೆ ಗೂಡ್ಸ್ ಗಾಡಿ ಬಂತೋ, ಆ ಕಾಗದ ಹಾಳು.

ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಕಲಾವಿದರು ಇಲ್ಲಿಗೆ ಬಂದು ಸಭಾಂಗಣಗಳಲ್ಲಿ ಆಟ ಆಡುತ್ತಿದ್ದರು. ಒಮ್ಮೆ ವೇಷ ಕಟ್ಟುವ ಚೌಕಿಯಲ್ಲಿ ರಾಕ್ಷಸನ ಬಣ್ಣದ ವೇಷದ ಫೋಟೋ ತೆಗೆದೆ. ಅದರ ಪ್ರಿಂಟು ಟ್ರೇಯಲ್ಲಿ ಮೂಡಿದ ಬಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ಕಾಗದ ದ್ರಾವಣದಲ್ಲಿ ತೇಲುತ್ತಿದೆ, ಏನೂ ಇಲ್ಲ. ಮೊದಲು ಬಂದದ್ದು ಹುಬ್ಬು, ಕಣ್ಣಿನ ಕಪ್ಪು. ಆಮೇಲೆ ಮೀಸೆ. ನಿಧಾನವಾಗಿ ಕೆನ್ನೆ ಬೂದುಬಣ್ಣವಾಗುತ್ತ ಬಂತು, ಅದರ ನಡುವೆ ಮುಖಕ್ಕೆ ಇಡುವ ಬಿಳಿ ಚುಟ್ಟಿಯ ಒಂದೊಂದು ಬೊಟ್ಟೂ ಕಾಗದದ ಬಿಳುಪಾಗಿಯೇ ಉಳಿಯಿತು. ಟ್ರೇಯ ಅಂಚನ್ನು ಬೆರಳಲ್ಲಿ ಎತ್ತಿ ಇಳಿಸುತ್ತ, ಇನ್ನು ಚಿತ್ರವನ್ನು ಸ್ಥಿರಗೊಳಿಸುವ ಹೈಪೋಗೆ ಹಾಕಲೋ ಇನ್ನೊಂದು ಕ್ಷಣ ತಾಳಲೋ ಎಂದು ಉಸಿರು ಹಿಡಿದು ನೋಡುತ್ತಿದ್ದೆ. ಆ ಸುಖ ಮೊಬೈಲಿನಲ್ಲಿ ನನಗಂತೂ ಸಿಕ್ಕಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. 1984ರಲ್ಲಿ ನಾನು ಕಲಿತ ರಾತ್ರಿ ಶಾಲೆಯವರು ವಾರ್ಷಿಕೋತ್ಸವದ ಗ್ರೂಪ್ ಫೋಟೋಗೆ ಕರೆದರು. ಮೇಷ್ಟ್ರುಗಳು ಕುರ್ಚಿಯಲ್ಲಿ, ದೊಡ್ಡವರು ಹಿಂದೆ, ಹೋಟೆಲಿನಲ್ಲಿ ದುಡಿಯುವ ಐದು ಚಿಕ್ಕ ಹುಡುಗರು ಮುಂದೆ ನೆಲದ ಮೇಲೆ. ಶಾಲೆಯವರು ತಂದಿಟ್ಟ ಫ್ರೇಮ್ ಅಡ್ಡಗಲದ್ದು. ಚೌಕದ ಚಿತ್ರ ಅದರಲ್ಲಿ ಕೂರಲು ಮೇಲೆ ಕೆಳಗೆ ಕತ್ತರಿಸಲೇಬೇಕಿತ್ತು. ಕತ್ತರಿಸಿದವನು ನಾನೇ. ಗೋಡೆಗೆ ಹಾಕಿದ ಫೋಟೋದಲ್ಲಿ ಆ ಐವರು ಇಲ್ಲ. ಆ ವಯಸ್ಸಿನಲ್ಲಿ ನಾನೂ ಹಾಗೇ ನೆಲದಲ್ಲಿ ಕೂತವನು, ಆದರೂ ಅಂದು ಅದು ಹೊಳೆಯಲಿಲ್ಲ. ಆದರೆ ನೆಗೆಟಿವ್‌ನಲ್ಲಿ ಐವರೂ ಇದ್ದಾರೆ.

ಉಪನಗರದ ಸ್ಟುಡಿಯೋ ಒಂದು ಮುಚ್ಚಿದಾಗ ನಮ್ಮವರ ಎಷ್ಟೋ ಮದುವೆಗಳ ನೆಗೆಟಿವ್ ಗೋಣಿಗಟ್ಟಲೆ ತೂಕಕ್ಕೆ ಹೋಯಿತು. ಫಿಲ್ಮಿನಲ್ಲಿ ಬೆಳ್ಳಿ ಇದೆ, ಅದಕ್ಕೇ ಕೊಳ್ಳುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಅಂಚು ಹಿಡಿದು ತೆಗೆಯಿರಿ, ಪ್ಲಾಸ್ಟಿಕ್ ಬಿಟ್ಟು ಕಾಗದದ ಕವರಿನಲ್ಲಿ ಹಾಕಿ, ಒಣಗಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಮಳೆಗಾಲದ ಬೂಷ್ಟು ಫಿಲ್ಮನ್ನೂ ಬಿಡುವುದಿಲ್ಲ. ಹುಳಿ ವಿನೆಗರಿನ ವಾಸನೆ ಬಂದರೆ ಫಿಲ್ಮ್ ಕೆಡಲು ಶುರುವಾಗಿದೆ ಎಂದರ್ಥ, ಅದನ್ನು ಬೇರೆಯಿಡಿ. ಏನಿದೆ ಎಂದು ನೋಡಲು ಒಂದು ಮೊಬೈಲಿನ ಬಿಳಿ ಪರದೆಯ ಎದುರು ಹಿಡಿದು ಇನ್ನೊಂದರಲ್ಲಿ ಫೋಟೋ ತೆಗೆದು, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗುವಂತೆ ಬಣ್ಣ ತಿರುಗಿಸಿದರೆ ಸಾಕು. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಭಾನುವಾರ ಇದಕ್ಕಾಗಿ ಸಭಾಂಗಣ ಬಿಟ್ಟುಕೊಟ್ಟರೆ, ಸ್ಕ್ಯಾನ್ ಮಾಡುವ ಕೆಲಸಕ್ಕೆ ನಾನು ಬಂದು ಕೂರುತ್ತೇನೆ.

1984ರ ಆ ನೆಗೆಟಿವ್‌ನಿಂದ ಈ ಸಲ ಪೂರ್ತಿ ಚೌಕದ ಪ್ರಿಂಟು ಮಾಡಿಸಿದ್ದೇನೆ. ಐವರಲ್ಲಿ ಇಬ್ಬರ ಹೆಸರು ಹಳೆಯ ಗೆಳೆಯರಿಂದ ಸಿಕ್ಕಿತು. ಎಡತುದಿಯಲ್ಲಿ, ದೊಗಲೆ ಅಂಗಿಯ ಕಾಲರಿನ ಗುಂಡಿಯನ್ನೂ ಹಾಕಿಕೊಂಡು, ಮೊಣಕಾಲ ಮೇಲೆ ಸ್ಲೇಟು ಇಟ್ಟುಕೊಂಡು ಕೂತ ಹುಡುಗನನ್ನು ಯಾರೂ ಗುರುತಿಸಲಿಲ್ಲ. ಈಗ ಐವತ್ತು ದಾಟಿರಬಹುದು. ಇದನ್ನು ಓದಿ 'ಅದು ನಾನೇ' ಅನ್ನಿಸಿದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಲಿ. ಅವನ ಪ್ರಿಂಟು ನನ್ನ ಬಳಿ ಇದೆ.

– ನಿವೃತ್ತ ಬ್ಯಾಂಕ್ ನೌಕರ, ಡೊಂಬಿವಲಿ ಪೂರ್ವ