ಡಿಸ್ಚಾರ್ಜ್‌ಗೆ ಮೊದಲೇ ಮನೆಯವರ ಕೈ ಪಳಗಲಿ

ಮಾನ್ಯರೇ,

ಲಕ್ವ ಹೊಡೆದವರು, ತಲೆಗೆ ಪೆಟ್ಟು ಬಿದ್ದವರು, ಸೊಂಟ ಮುರಿದುಕೊಂಡ ಹಿರಿಯರು ಆಸ್ಪತ್ರೆಯಲ್ಲಿರುವುದು ಕೆಲವೇ ದಿನ. ಆಮೇಲೆ ತಿಂಗಳುಗಟ್ಟಲೆ ಅವರನ್ನು ನೋಡಿಕೊಳ್ಳುವವರು ಹೆಂಡತಿ, ಸೊಸೆ, ಮಗಳು. ಅವರಿಗೆ ಆರೈಕೆ ಕಲಿಸುವ ಕೆಲಸ ಮಾತ್ರ ಸಾಮಾನ್ಯವಾಗಿ ಡಿಸ್ಚಾರ್ಜ್ ದಿನ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಬಿಲ್ಲು, ಔಷಧಿ, ಗಾಡಿ ಎಂದು ಓಡಾಡುವ ಹೊತ್ತಿನಲ್ಲಿ ಹೇಳಿದ್ದು ಯಾರ ತಲೆಗೂ ಹತ್ತುವುದಿಲ್ಲ. ಹೇಳಿಸಿಕೊಳ್ಳುವವನು ಮಗ, ಮನೆಯಲ್ಲಿ ಮಾಡುವವಳು ಸೊಸೆ ಎಂಬುದು ಇನ್ನೊಂದು ತೊಡಕು.

ನುಂಗಲಾಗದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಊಟ ಕೊಡುವುದನ್ನೇ ನೋಡಿ. ಮನೆಗೆ ಹೋದ ಮೇಲೆ ಆಗುವ ದೊಡ್ಡ ತಪ್ಪು, ರೋಗಿಯನ್ನು ಅಂಗಾತ ಮಲಗಿಸಿಕೊಂಡೇ ಗಂಜಿ ಬಿಡುವುದು. ಗಂಜಿ ಮೇಲಕ್ಕೆ ಉಕ್ಕಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಬೆನ್ನಿಗೆ ದಿಂಬು ಒತ್ತಿ ಕನಿಷ್ಠ 30ರಿಂದ 45 ಡಿಗ್ರಿ ಎತ್ತರಿಸಬೇಕು, ಊಟವಾದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಿಸಬೇಕು. ಮೂಗಿನ ಹತ್ತಿರ ನಳಿಕೆಯ ಮೇಲೆ ಹಾಕಿದ ಗುರುತು ಮೊದಲಿದ್ದಲ್ಲೇ ಇದೆಯೇ ಎಂದು ಪ್ರತಿಸಲ ನೋಡಬೇಕು. ಗುರುತು ಹೊರಗೆ ಸರಿದಿದ್ದರೆ ಒಳಗೆ ತಳ್ಳುವಂತಿಲ್ಲ, ಊಟವನ್ನೂ ಬಿಡುವಂತಿಲ್ಲ, ಆಸ್ಪತ್ರೆಗೆ ಕರೆತರಬೇಕು. ಗುರುತು ಸರಿಯಿದ್ದರೆ ಸಿರಿಂಜ್‌ನಿಂದ ಮೆಲ್ಲಗೆ ಎಳೆದು ನೋಡಬೇಕು. ಹಿಂದಿನ ಹೊತ್ತಿನ ಗಂಜಿಯೇ ಹೆಚ್ಚಾಗಿ ಬಂದರೆ ಅದು ಇನ್ನೂ ಕರಗಿಲ್ಲ ಎಂದರ್ಥ, ಒಂದು ಗಂಟೆ ತಡೆಯಬೇಕು. ಮುಚ್ಚಳ ತೆಗೆಯುವ ಮುಂಚೆ ನಳಿಕೆ ಮಡಚಿ ಹಿಡಿದರೆ ಗಾಳಿ ಒಳಗೆ ಹೋಗದು. 50 ಎಂಎಲ್ ಸಿರಿಂಜ್‌ನ ಒಳಗಡ್ಡಿ ತೆಗೆದು, ಬರಿ ಕೊಳವೆಯನ್ನು ರೋಗಿಯ ತಲೆಗಿಂತ ಒಂದು ಗೇಣು ಮೇಲೆ ಹಿಡಿದು ಸುರಿದರೆ ಗಂಜಿ ತಾನಾಗಿ ಇಳಿಯುತ್ತದೆ. ಒಂದು ಹೊತ್ತಿಗೆ 200 ಎಂಎಲ್ ಎಂದರೆ ನಾಲ್ಕು ಕೊಳವೆ, ಅದಕ್ಕೆ ಹದಿನೈದು-ಇಪ್ಪತ್ತು ನಿಮಿಷ ಬೇಕು. ಬೇಗ ಮುಗಿಸಲು ಕಡ್ಡಿ ಹಾಕಿ ಒತ್ತಿದರೆ ವಾಂತಿಯಾಗುತ್ತದೆ. ಕೆಮ್ಮು ಬಂದರೆ, ಉಸಿರು ಕಟ್ಟಿದಂತಾದರೆ ಕೂಡಲೇ ನಳಿಕೆ ಮಡಚಿ ನಿಲ್ಲಿಸಬೇಕು. ಕೊನೆಯಲ್ಲಿ 30 ಎಂಎಲ್ ನೀರು ಬಿಟ್ಟು ನಳಿಕೆ ತೊಳೆಯಬೇಕು.

ನಮ್ಮ ಕಡೆ ಗಂಜಿ ಎಂದರೆ ರಾಗಿ. ಹಸಿ ರಾಗಿ ಹಿಟ್ಟಿನ ಅಂಬಲಿ ಆರುತ್ತಾ ಗಟ್ಟಿಯಾಗಿ ನಳಿಕೆ ಕಟ್ಟಿಕೊಳ್ಳುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಾದರೆ ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ತೆಳ್ಳಗೇ ಇರುತ್ತದೆ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಯೇ ಬಿಡಬೇಕು. ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ನೀರಿನಲ್ಲಿ ಕರಗಿಸಿ, ಗಂಜಿಗೆ ಬೆರೆಸದೆ ಬೇರೆಯಾಗಿ ಕೊಡಬೇಕು. ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ. ನಿಧಾನಕ್ಕೆ ಕರಗಲೆಂದೇ ಮಾಡಿದ ಮಾತ್ರೆ ಯಾವುದು ಎಂದು ಸಿಸ್ಟರ್ ಗುರುತು ಹಾಕಿಕೊಡಬೇಕು.

ಇಷ್ಟನ್ನು ಬಾಯಿಮಾತಿನಲ್ಲಿ ಹೇಳಿ 'ಗೊತ್ತಾಯ್ತಾ ಅಮ್ಮಾ?' ಎಂದರೆ 'ಹೂಂ' ಎಂದೇ ಉತ್ತರ ಬರುತ್ತದೆ. ಸಂಕೋಚ, ಭಯ ಎರಡೂ ಇರುತ್ತವೆ. ಕೇಳಬೇಕಾದ ಮಾತು 'ಈ ಹೊತ್ತಿನ ಊಟ ನೀವೇ ಕೊಡಿ, ನಾನು ಪಕ್ಕದಲ್ಲೇ ಇರ್ತೀನಿ' ಎಂಬುದು. ವಾರ್ಡಿನಲ್ಲಿ ಸಿಸ್ಟರ್‌ಗಳಿಗೆ ಬಿಡುವಿಲ್ಲ, ನಿಜ. ಆದರೆ ನಳಿಕೆ ಊಟವಂತೂ ದಿನಕ್ಕೆ ಆರೇಳು ಸಲ ನಡೆಯಲೇಬೇಕು. ಮೊದಲ ದಿನ ಮನೆಯವರು ನೋಡಲಿ, ಎರಡನೆಯ ದಿನ ಜೊತೆಗೆ ಮಾಡಲಿ, ಮೂರನೆಯ ದಿನ ತಾವೇ ಮಾಡಲಿ. ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರಿರಲಿ ಎಂದು ಇಬ್ಬರಿಗೆ ಕಲಿಸಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕೆಲವು ಮನೆಗಳಲ್ಲಿ ಉರ್ದು. ಚೀಟಿ ಮಾತ್ರ ಇಂಗ್ಲಿಷಿನದು. ಮಾತ್ರೆ ಹಾಳೆಯ ಮೇಲೇ ಸೂರ್ಯ, ಚಂದ್ರ ಬರೆದುಕೊಟ್ಟರೆ ಓದಲು ಬಾರದ ಅಜ್ಜಿಗೂ ತಿಳಿಯುತ್ತದೆ.

ಹಾಸಿಗೆ ಹುಣ್ಣಿನ ವಿಷಯದಲ್ಲಿ ಅಕ್ಕರೆಯಿಂದಲೇ ತಪ್ಪುಗಳಾಗುತ್ತವೆ. ಬಟ್ಟೆಯ ಸಿಂಬೆ ಮಾಡಿ ಕುಂಡಿಯ ಕೆಳಗೆ, ಹಿಮ್ಮಡಿಯ ಕೆಳಗೆ ಇಡುತ್ತಾರೆ. ಅದು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಎಳೆದು ಸರಿಸಿದರೆ ಚರ್ಮ ಕೀಳುತ್ತದೆ, ಮಡಚಿದ ಬೆಡ್‌ಶೀಟ್ ಕೆಳಗೆ ಹಾಕಿ ಇಬ್ಬರು ಎತ್ತಿ ಸರಿಸಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು. ಸುತ್ತಲಿಗಿಂತ ಬಿಸಿಯಾಗಿ, ಗಡುಸಾಗಿ ಇದೆಯೇ ಎಂದು ಮುಟ್ಟಿ ನೋಡಬೇಕು. ಅಲ್ಲಿ ಎಣ್ಣೆ ಹಾಕಿ ತಿಕ್ಕಬಾರದು. ಲಕ್ವದಿಂದ ಬಿದ್ದುಹೋದ ಕೈಯನ್ನು ಹಿಡಿದೆಳೆದು ಕೂರಿಸಿದರೆ ಭುಜ ಜಾರುತ್ತದೆ. ಯೂರಿನ್ ಬ್ಯಾಗ್ ಸದಾ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

ನವಜಾತ ಶಿಶು ಘಟಕಗಳಲ್ಲಿ ತಂದೆತಾಯಿಗೆ ಕೈ ತೊಳೆಯುವುದರಿಂದ ಹಿಡಿದು ಕೂಸನ್ನು ಬರಿ ಎದೆಗೆ ಅವಚಿಕೊಳ್ಳುವ ಕಾಂಗರೂ ಆರೈಕೆಯವರೆಗೆ ಕಲಿಸಿ, ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೂಸಿಗೆ ಸಲ್ಲುವ ಈ ಕ್ರಮ ಲಕ್ವ ಹೊಡೆದ ಅಜ್ಜನಿಗೂ ಸಲ್ಲಬೇಕು. ಕೇಸ್ ಶೀಟ್‌ನಲ್ಲಿ 'ಕಲಿಸಿದೆ' ಎಂದು ಬರೆಯುವ ಬದಲು ಯಾರು, ಯಾವ ದಿನ, ತಾವೇ ಮಾಡಿ ತೋರಿಸಿದರು ಎಂದು ದಾಖಲಿಸುವ ಒಂದು ಪುಟ ಇರಲಿ.

ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡಿ ಔಷಧಿ ಕೊಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ನಮ್ಮ ಕೋಲಾರದಲ್ಲೇ. ನಳಿಕೆ ಅಥವಾ ಯೂರಿನ್ ಬ್ಯಾಗ್ ಸಮೇತ ಮನೆಗೆ ಹೋಗುವವರ ಹೆಸರು, ಊರನ್ನು ಡಿಸ್ಚಾರ್ಜ್ ದಿನವೇ ಆ ಊರಿನ ಸಮುದಾಯ ಆರೋಗ್ಯಾಧಿಕಾರಿಗೆ ತಿಳಿಸಿ, ಮೂರು ದಿನದೊಳಗೆ ಮೊದಲ ಭೇಟಿ ಆಗುವಂತೆ ಜಿಲ್ಲಾ ಆರೋಗ್ಯ ಇಲಾಖೆ ಆದೇಶ ಮಾಡಲಿ. ಆ ಭೇಟಿಯಲ್ಲಿ ರೋಗಿಯ ಬಿಪಿ ನೋಡಿದ ಮೇಲೆ, ನೋಡಿಕೊಳ್ಳುತ್ತಿರುವ ಹೆಂಗಸು ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದಳು ಎಂದೂ ಕೇಳಲಿ.

– ನಿವೃತ್ತ ಶುಶ್ರೂಷಾಧಿಕಾರಿ, ಕೋಲಾರ