ಪಿಸ್ತೂಲು, ರಿವಾಲ್ವರ್: ದರ ಹೇಳುವ ಕ್ರಮ ಬದಲಾಗುತ್ತಿದೆ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಪಿಸ್ತೂಲು, ರಿವಾಲ್ವರ್‌ಗಳ ದರವನ್ನು ಫೋನಿನಲ್ಲಿ ಹೇಳುವುದನ್ನು ನಮ್ಮ ಅಂಗಡಿ ನಿಲ್ಲಿಸುತ್ತಿದೆ. ಹೊಸದಕ್ಕೆ ಮೂಲ ಬೆಲೆ, ತೆರಿಗೆ, ಸಾಗಣೆ ಬೇರೆ ಬೇರೆ ನಮೂದಿಸಿದ ಚೀಟಿ ಕೊಡುತ್ತೇವೆ. ಹಳೆಯದಕ್ಕೆ ತಪಾಸಣೆ ಚೀಟಿಯ ಜೊತೆಯಲ್ಲೇ ದರ. ಆ ಚೀಟಿ ಇಲ್ಲದ ಹಳೆ ಪಿಸ್ತೂಲನ್ನು ನಾವು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ತೋಟಾ ಕೋವಿ, ಕೇಪಿನ ಕೋವಿಗಳ ವ್ಯವಹಾರ ಮೊದಲಿನಂತೆಯೇ ಇರುತ್ತದೆ.

ಇದಕ್ಕೆ ಮೊದಲ ಕಾರಣ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಮೂಲ ಬೆಲೆ ₹1,00,000 ಆಗಿದ್ದರೆ ಮೊದಲು ₹1,28,000 ಆಗುತ್ತಿತ್ತು, ಈಗ ₹1,40,000. ಹೊಸದು ತುಟ್ಟಿಯಾದಂತೆ 'ಹಳೇ ಫಾರಿನ್ ಪಿಸ್ತೂಲು ಇದ್ದರೆ ಹೇಳಿ' ಎನ್ನುವವರು ಹೆಚ್ಚಾಗಿದ್ದಾರೆ. ಸಮಸ್ಯೆ ಇರುವುದು ಅಲ್ಲೇ.

ಮಾರಾಟಕ್ಕಾಗಿ ವಿದೇಶಿ ಬಂದೂಕು ತರಿಸಿಕೊಳ್ಳುವುದು 1980ರ ದಶಕದಲ್ಲೇ ನಿಂತುಹೋಗಿದೆ. ಈಗ ಕೈಬದಲಾಗುವ ವಾಲ್ಥರ್, ಎಫ್‌ಎನ್ ಬ್ರೌನಿಂಗ್, ವೆಬ್ಲಿ, ಬೆರೆಟಾಗಳಲ್ಲಿ ಬಹುಪಾಲು ಅದಕ್ಕೂ ಹಿಂದೆ ಬಂದವು. ಇರುವಷ್ಟೇ ಇವೆ, ಹೊಸದಾಗಿ ಬರುವುದಿಲ್ಲ. ಹಾಗಾಗಿ ಅವುಗಳಿಗೆ ಕೇಳುವ ಲಕ್ಷಗಳು ಅಪರೂಪಕ್ಕೆ ಕೊಡುವ ಬೆಲೆಯೇ ಹೊರತು ಗುಣಕ್ಕೆ ಕೊಡುವ ಬೆಲೆ ಅಲ್ಲ. ನಳಿಗೆ ತುಕ್ಕು ತಿಂದ ವಾಲ್ಥರ್ ಪಿಪಿಕೆಗೂ ಕನ್ನಡಿಯಂಥ ನಳಿಗೆಯ ಪಿಪಿಕೆಗೂ ಹೆಚ್ಚುಕಡಿಮೆ ಒಂದೇ ದರ ಕೇಳುತ್ತಾರೆ, ಹೆಸರು ಒಂದೇ ಎಂಬ ಕಾರಣಕ್ಕೆ.

ಇಂಟರ್ನೆಟ್ಟಿನಲ್ಲಿ ಓದಿಕೊಂಡು ಸಿಗ್ ಪಿ365, ಗ್ಲಾಕ್ 43 ಕೇಳುವವರಿಗೂ ಒಂದು ಮಾತು. ಅವು 9 ಮಿ.ಮೀ. ಪ್ಯಾರಾಬೆಲಮ್ ತೋಟಾದವು, ನಮ್ಮ ದೇಶದಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದ ಅಳತೆ. ನಿಮ್ಮ ಸಾಮಾನ್ಯ ಲೈಸೆನ್ಸಿಗೆ ಹೆಚ್ಚಾಗಿ ಸಿಗುವುದು .32 ಮತ್ತು .22 (ಇಂಚಿನಲ್ಲಿ ಹೇಳುವ ಬೋರ್ ಅಳತೆ). ಹೋಲಿಕೆ ಮಾಡುವುದಾದರೆ ಇವುಗಳ ಒಳಗೇ ಮಾಡಬೇಕು.

ತಪಾಸಣೆ ಚೀಟಿಯಲ್ಲಿ ಏನೇನು ಇರುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇವೆ. ಬೇರೆ ಕಡೆ ಕೊಂಡರೂ ನಿಮಗೆ ಇದು ಬೇಕಾಗುತ್ತದೆ. ಎಲ್ಲಕ್ಕೂ ಮೊದಲು ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಮೇಲೆ ಜಾರುವ ಭಾಗ) ಎಳೆದು, ಚೇಂಬರ್ (ನಳಿಗೆಯ ಹಿಂದೆ ತೋಟಾ ಕೂರುವ ಜಾಗ) ಖಾಲಿ ಇದೆಯೆಂದು ಕಣ್ಣಿನಲ್ಲೂ ಕಿರುಬೆರಳಿನಲ್ಲೂ ಖಚಿತ ಮಾಡಿಕೊಳ್ಳಿ. ಆಮೇಲೆ ನಂಬರು. ಪಿಸ್ತೂಲಿನ ಮೇಲಿನ ನಂಬರು ಲೈಸೆನ್ಸಿನಲ್ಲಿ ಇರುವುದಕ್ಕೆ ಅಕ್ಷರಶಃ ಹೊಂದಬೇಕು. ಫ್ರೇಮಿನಲ್ಲಿ (ಹಿಡಿ ಇರುವ ಕೆಳಭಾಗ) ಒಂದು, ಸ್ಲೈಡಿನಲ್ಲಿ ಇನ್ನೊಂದು ಇದ್ದರೆ ಎರಡು ಪಿಸ್ತೂಲುಗಳ ಭಾಗ ಸೇರಿಸಿದ್ದಾರೆ ಎಂದು ಅರ್ಥ. ನಂಬರು ಉಜ್ಜಿದಂತೆ ಕಂಡರೆ ಮುಟ್ಟಲೇಬೇಡಿ. ಅಳಿಸಿದವರು ಯಾರೇ ಇರಲಿ, ಕೈಯಲ್ಲಿ ಇಟ್ಟುಕೊಂಡವರೇ ಅಳಿಸಿದ್ದು ಎಂದು ಕಾನೂನು ಭಾವಿಸುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ನಿಮ್ಮದಾಗುತ್ತದೆ.

ನಳಿಗೆ ನೋಡುವಾಗ ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿ, ಚೇಂಬರಿನ ಬಳಿ ಬಿಳಿ ಕಾಗದದ ಚೂರು ಹಿಡಿದು ಬೆಳಕು ಬೀಳಿಸಿ. ಗುಂಡು ತಿರುಗಲೆಂದು ಒಳಗೆ ಕೊರೆದ ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ಅಲ್ಲಲ್ಲಿ ಚುಕ್ಕೆಯಂಥ ಗುಂಡಿಗಳಿದ್ದರೆ ಅದು ತುಕ್ಕು. ಗುಂಡಿ ಆಳವಿಲ್ಲದಿದ್ದರೆ ಕೆಲಸ ನಡೆಯುತ್ತದೆ, ಆದರೆ ಬೆಲೆ ಇಳಿಯಬೇಕು. ನಡುವೆ ಉಂಗುರದಂಥ ಕಪ್ಪು ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ. ಒಂದು ಗುಂಡು ಒಳಗೇ ಸಿಕ್ಕಿಕೊಂಡಿದ್ದಾಗ ಹಿಂದಿನಿಂದ ಇನ್ನೊಂದು ಹಾರಿಸಿದ್ದರ ಗುರುತು ಅದು. ಅಂಥದ್ದನ್ನು ಯಾವ ಬೆಲೆಗೂ ತೆಗೆದುಕೊಳ್ಳಬಾರದು.

ಫೈರಿಂಗ್ ಪಿನ್ (ತೋಟಾದ ಹಿಂಬದಿಗೆ ಬಡಿಯುವ ಮೊಳೆ) ಪರೀಕ್ಷೆಗೆ ಪೆನ್ಸಿಲ್ ಸಾಕು. ಖಾಲಿ ಪಿಸ್ತೂಲಿನ ನಳಿಗೆಯೊಳಕ್ಕೆ ರಬ್ಬರಿನ ತುದಿ ಮೊದಲಾಗಿ ಪೆನ್ಸಿಲ್ ಇಳಿಸಿ, ಮೇಲ್ಮುಖ ಹಿಡಿದು ಟ್ರಿಗರ್ ಒತ್ತಿ. ಪೆನ್ಸಿಲ್ ಚಿಮ್ಮಿ ಹೊರಬರಬೇಕು. ಸುಮ್ಮನೆ ಅಲುಗಾಡಿದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಪಿನ್ನಿನ ಗೂಡಿನಲ್ಲಿ ಜಿಡ್ಡು ಕಟ್ಟಿದೆ. ಜಿಡ್ಡಾದರೆ ಒಂದು ದಿನದ ಕೆಲಸ. ಆದರೆ ಹಳೆ ಫಾರಿನ್ ಪಿಸ್ತೂಲಿನ ಪಿನ್, ಎಕ್ಸ್‌ಟ್ರ್ಯಾಕ್ಟರ್ (ಖಾಲಿ ಕೊಳವೆ ಎಳೆದು ತೆಗೆಯುವ ಕೊಕ್ಕೆ) ಮುರಿದರೆ ಕಂಪನಿಯ ಬಿಡಿಭಾಗ ಸಿಗುವುದು ಕಷ್ಟ, ಲೇತಿನಲ್ಲಿ ಮಾಡಿಸಬೇಕು. ಮ್ಯಾಗಜಿನ್ನೂ ಅಷ್ಟೇ: ತುಟಿಗಳು ಅಗಲಿದ್ದರೆ ತೋಟಾ ಮೂತಿ ಎತ್ತಿ ಸಿಕ್ಕಿಕೊಳ್ಳುತ್ತದೆ. ಒಂದೇ ಮ್ಯಾಗಜಿನ್ ಇರುವ ಪಿಸ್ತೂಲಿಗೆ ನಾವು ಕಡಿಮೆ ದರ ಕಟ್ಟುವುದು ಇದಕ್ಕೇ.

ಹೊಸದರಲ್ಲಿ ಆಯ್ಕೆ ದೊಡ್ಡದಿಲ್ಲ. ಪಿಸ್ತೂಲಿನಲ್ಲಿ ಸರ್ಕಾರಿ ಕಾರ್ಖಾನೆಯ .32 'ಅಶನಿ'. ರಿವಾಲ್ವರಿನಲ್ಲಿ ಕಾನ್ಪುರದ ಮಾರ್ಕ್ 3, ಹಗುರವಾದ 'ನಿರ್ಭೀಕ್', ಮತ್ತು 2023ರಲ್ಲಿ ಬಂದ 'ಪ್ರಬಲ್'. 2014ರಲ್ಲಿ ಬಂದಾಗ ನಿರ್ಭೀಕ್ ಬೆಲೆ ಸುಮಾರು ₹1.22 ಲಕ್ಷ, ತೂಕ ಸುಮಾರು 500 ಗ್ರಾಂ. ಸೊಂಟದಲ್ಲಿ ಇಟ್ಟುಕೊಳ್ಳಲು ಹಗುರ, ಆದರೆ ಹಗುರವಾದದ್ದು ಕೈಗೆ ಜೋರಾಗಿ ಒದೆಯುತ್ತದೆ. ಪ್ರಬಲ್ ಸುಮಾರು 700 ಗ್ರಾಂ, ನಳಿಗೆ 76 ಮಿ.ಮೀ., ಚಕ್ರ ಪಕ್ಕಕ್ಕೆ ಹೊರಳುತ್ತದೆ. ಮಾರ್ಕ್ 3 ನಡುವಿಗೆ ಮುರಿದು ತೆರೆಯುವ ಹಳೆ ಕ್ರಮದ್ದು. ವರ್ಷಗಳು ಕಳೆದಂತೆ ಅದರ ಕೊಂಡಿ ಸಡಿಲವಾಗುತ್ತದೆ. ಖಾಲಿ ಇರುವಾಗ ನಳಿಗೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಟಕಟಕ ಎನ್ನಬಾರದು.

ಯಾರಿಗೆ ಯಾವುದು? ಗುಂಡಿನ ಒತ್ತಡಕ್ಕೆ ಸ್ಲೈಡ್ ನೇರವಾಗಿ ಹಿಂದೆ ಸರಿಯುವ ಈ .32 ಪಿಸ್ತೂಲುಗಳಲ್ಲಿ ಅದನ್ನು ತಡೆಯುವುದು ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗಿ. ಹಾಗಾಗಿ ಸ್ಲೈಡ್ ಎಳೆಯಲು ಶಕ್ತಿ ಬೇಕು. ಬೆರಳಿನ ಗಂಟು ನೋವು ಇರುವ ಹಿರಿಯರಿಗೆ ರಿವಾಲ್ವರೇ ಸರಿ ಎನ್ನುತ್ತೇವೆ. ತೆಳ್ಳಗಿರಬೇಕು, ಅಂಗಿಯ ಕೆಳಗೆ ಕಾಣಬಾರದು ಎನ್ನುವವರಿಗೆ ಪಿಸ್ತೂಲು. ಪಿಪಿಕೆ 155 ಮಿ.ಮೀ. ಉದ್ದ, ಮ್ಯಾಗಜಿನ್ನಿನಲ್ಲಿ ಏಳು ತೋಟಾ. ರಿವಾಲ್ವರಿನ ಚಕ್ರದಲ್ಲಿ ಆರು. ಒಂದು ತೋಟಾದ ವ್ಯತ್ಯಾಸಕ್ಕೆ ಲಕ್ಷಗಟ್ಟಲೆ ಕೊಡಬೇಕೇ ಎಂದು ನೀವೇ ಯೋಚಿಸಿ. ತೋಟಕ್ಕೆ ನುಗ್ಗುವ ಹಂದಿಗೆಂದು ಮಾತ್ರ ಪಿಸ್ತೂಲು ಕೇಳಬೇಡಿ. .32ರ ಬಲ 9 ಮಿ.ಮೀ.ನ ಅರ್ಧಕ್ಕಿಂತ ಕಡಿಮೆ, ಹಂದಿ ಗಾಯಗೊಂಡು ತಿರುಗಿ ಬೀಳುತ್ತದೆ; ಅರಣ್ಯ ಇಲಾಖೆಯ ಕಾನೂನು ಬೇರೆ.

ತೋಟಾದಲ್ಲಿ ಆಗುವ ತಪ್ಪು ಹೆಸರಿನಿಂದ ಬರುತ್ತದೆ. ಎರಡಕ್ಕೂ '.32' ಎಂದೇ ಹೇಳುತ್ತೇವೆ. ಪಿಸ್ತೂಲಿನದು 7.65 ಮಿ.ಮೀ., ಕೊಳವೆ 17 ಮಿ.ಮೀ. ಉದ್ದ, ರಿವಾಲ್ವರಿನದರ ಕೊಳವೆ 23 ಮಿ.ಮೀ. ಉದ್ದ, ಅಂಚು ಅಗಲ. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರುಗಳೊಳಗೆ ಕೂರುತ್ತದೆ, ಆದರೆ ಒತ್ತಡ ಹೆಚ್ಚು, ಹಾರಿಸಬಾರದು. ಪಿಸ್ತೂಲಿನ ತೋಟಾಕ್ಕೂ ಸಣ್ಣ ಅಂಚು ಇದೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ನಿಲ್ಲುತ್ತವೆ, ತಪ್ಪನ್ನು ಪಿಸ್ತೂಲಿನ ಮೇಲೆ ಹೊರಿಸುತ್ತೇವೆ.

ನಮ್ಮ ಕಡೆಯ ಮಳೆಯ ವಿಷಯ. ಆರಿದ್ರಾದಿಂದ ಆಶ್ಲೇಷದವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಬಟ್ಟೆಯೇ ಒಣಗುವುದಿಲ್ಲ. ಚರ್ಮದ ಹೋಲ್ಸ್ಟರಿನಲ್ಲೇ ಪಿಸ್ತೂಲು ಬಿಟ್ಟರೆ ಚರ್ಮ ತೇವ ಹೀರಿಕೊಂಡು ಎರಡು ವಾರದಲ್ಲಿ ಸ್ಲೈಡಿನ ಮೇಲೆ ಕಂದು ಚುಕ್ಕೆ ಏಳಬಹುದು. ತೆಗೆದು ಒರೆಸಿ, ಬೀಗ ಹಾಕುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಡುವವರಿದ್ದಾರೆ. ಮಸಿಯಲ್ಲಿ ಹುಳಿ ಅಂಶ ಇರುತ್ತದೆ, ತೇವ ಹಿಡಿಯುತ್ತದೆ, ಬೇಡ.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಪುಷ್ಯ ಮಾಸದ ಬೆಳಗ್ಗೆ ಫೈರಿಂಗ್ ಪಿನ್ನಿನ ಗೂಡಿನಲ್ಲಿ ಹೆಪ್ಪುಗಟ್ಟಿ ಪಿನ್ ನಿಧಾನವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಎರಡು ಹನಿ ಸಾಕು, ಚೇಂಬರಿನೊಳಗೆ ಮಾತ್ರ ಎಣ್ಣೆ ಉಳಿಯಬಾರದು. ಹಸಿರು ಕಿಲುಬು ಕಟ್ಟಿದ ತೋಟಾವನ್ನು ಬಳಸಬೇಡಿ. ಟ್ರಿಗರ್ ಒತ್ತಿಯೂ ಹಾರದಿದ್ದರೆ ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು 30 ಸೆಕೆಂಡು ಕಾದು ಆಮೇಲೆ ತೆಗೆಯಿರಿ.

ಕಾಗದಪತ್ರ: 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ವಂಶಪಾರಂಪರ್ಯವಾಗಿ ಬಂದದ್ದೂ ಸೇರಿ. ಮನೆಯ ಹಳೇ ಕೋವಿ, ತೋಟಾ ಕೋವಿ ಎರಡೂ ನಿಮ್ಮ ಹೆಸರಿನಲ್ಲಿದ್ದರೆ ಪಿಸ್ತೂಲಿಗೆ ಜಾಗ ಇಲ್ಲ. ಲೈಸೆನ್ಸಿನಲ್ಲಿ ಯುಐಎನ್ (ಲೈಸೆನ್ಸುದಾರರ ವಿಶಿಷ್ಟ ಗುರುತಿನ ಸಂಖ್ಯೆ), ಬಂದೂಕಿನ ಬಗೆ ನಮೂದಾಗಿರಬೇಕು. ಖಾಸಗಿಯಾಗಿ ಒಬ್ಬರಿಂದ ಕೊಳ್ಳುವುದಾದರೆ ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. ಮುಂಗಡ ಕೊಟ್ಟು ಪಿಸ್ತೂಲು ಇಂದೇ ಒಯ್ಯುತ್ತೇನೆ ಎನ್ನುವ ಒಪ್ಪಂದಕ್ಕೆ ನಮ್ಮನ್ನು ಸಾಕ್ಷಿ ಕರೆಯಬೇಡಿ.

ಈಗಾಗಲೇ ಮುಂಗಡ ಕೊಟ್ಟವರಿಗೆ ರಸೀದಿಯಲ್ಲಿರುವ ಮೂಲ ಬೆಲೆಯೇ ಇರುತ್ತದೆ, ತೆರಿಗೆ ಮಾತ್ರ ಬಿಲ್ಲಿನ ದಿನದ್ದು. ಬೇಡವೆನಿಸಿದರೆ ಮುಂಗಡ ಪೂರ್ತಿ ವಾಪಸು. ತಪಾಸಣೆಗೆ ತರುವವರು ಮೂಲ ಲೈಸೆನ್ಸ್, ಇರುವ ಎಲ್ಲ ಮ್ಯಾಗಜಿನ್ ತನ್ನಿ. ತೋಟಾ ಬೇರೆ ಚೀಲದಲ್ಲಿರಲಿ.

ಇಂತಿ,
ಅಂಗಡಿಯ ಪಾಲುದಾರರು, ಶಿವಮೊಗ್ಗ