ಪೋರ್ಟೊದ ಮೆಟ್ಟಿಲ ಮೇಲಿನ ಅಜ್ಜಿಗೆ

ಪೋರ್ಚುಗಲ್‌ನ ಪೋರ್ಟೊ ನಮ್ಮ ಮಲೆನಾಡಿನ ಹಾಗೇ ಏರಿಳಿತದ ಊರು. ಕೆಳಗೆ ಡೌರೊ ನದಿ. 1886ರ ಕಬ್ಬಿಣದ ಸೇತುವೆ ನೋಡಿ, ಸುಮ್ನೆ ಅಲೆದಾಡಿ, ಅಮ್ಮನ ಜೊತೆ ಗಿಂಡಾಯ್ಸ್ ಮೆಟ್ಟಿಲು ಹತ್ತತೊಡಗಿದೆ. ಅರ್ಧದಲ್ಲಿ ಅಮ್ಮನ ಮಂಡಿ ಹಿಡಿದುಕೊಂಡಿತು. ನನಗೆ ಕೈಕಾಲೇ ಆಡಲಿಲ್ಲ.

ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯೊಬ್ಬರು ಒಳಗಿಂದ ಕುರ್ಚಿ ತಂದರು. ಅಲ್ಲಾಡದಂತೆ ಅದರ ಕಾಲಿನಡಿ ರಟ್ಟು ಮಡಚಿ ಇಟ್ಟರು. ನೀರು ಕೊಟ್ಟರು. ಅವರದು ಪೋರ್ಚುಗೀಸ್, ಅಮ್ಮನದು ಚಿಕ್ಕಮಗಳೂರು ಕನ್ನಡ. ಇಬ್ಬರೂ ತಮ್ಮ ತಮ್ಮ ಮಂಡಿ ತೋರಿಸಿಕೊಂಡು ಮಾತಾಡಿದ್ದೇ ಮಾತಾಡಿದ್ದು! ಆಮೇಲೆ ಅಮ್ಮನ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿ, ಹಳಿ ಮೇಲೆ ಗುಡ್ಡ ಹತ್ತುವ ಫ್ಯುನಿಕ್ಯುಲರ್ ತನಕ ಬಂದರು. ಬಾಗಿಲು ಮುಚ್ಚುವವರೆಗೂ ನಿಂತೇ ಇದ್ದರು. ಆಗಲೇ ನನಗೆ ಉಸಿರು ಬಂದದ್ದು.

ಹೆಸರು ಕೇಳೋದೇ ಮರೆತೆ. ಅಜ್ಜಿ, ನಿಮಗೆ ಧನ್ಯವಾದ. ಊರಿಗೆ ಬಂದ ಮೇಲೂ ಅಮ್ಮ ಕಾಫಿ ಕುಡಿಯುವಾಗ ನಿಮ್ಮನ್ನು ನೆನೆಯುತ್ತಾರೆ.